ಅಗ್ಗದ ಊರು, ಮುಪ್ಪಿನ ನೆಲೆ

ಮುಪ್ಪಿನಲ್ಲಿ ಎಲ್ಲಿ ನೆಲೆಸಬೇಕೆಂಬ ಪ್ರಶ್ನೆ ಹೊಸತಲ್ಲ. ಸುಖಿಯಾರೆಂದು ಯಕ್ಷನು ಕೇಳಿದಾಗ ಧರ್ಮರಾಯನು ಕೊಟ್ಟ ಉತ್ತರವನ್ನು ವಾಚಕರೆಲ್ಲರೂ ಬಲ್ಲರು: ಸಾಲವಿಲ್ಲದೆ, ಪರಸ್ಥಳವಾಸವಿಲ್ಲದೆ, ತನ್ನ ಮನೆಯಲ್ಲಿ ಸೊಪ್ಪನ್ನಾದರೂ ಬೇಯಿಸಿಕೊಂಡು ಉಣ್ಣುವವನೇ ಸುಖಿ. ಈ ಕಾಲದ ನಿವೃತ್ತನ ಕಷ್ಟವಾದರೋ, ಈ ಉತ್ತರದ ಎರಡು ಭಾಗಗಳು ಒಂದಕ್ಕೊಂದು ವಿರೋಧವಾಗಿ ನಿಂತಿರುವುದರಲ್ಲಿದೆ. ದುಡಿದ ಬೆಂಗಳೂರಿನಲ್ಲಿಯೇ ಉಳಿಯೋಣವೆಂದರೆ ಸಾಲವಿಲ್ಲದೆ ಸ್ವಂತ ಮನೆಯಾಗದು. ಸಾಲವಿಲ್ಲದೆ ಮನೆ ಮಾಡೋಣವೆಂದರೆ ಪರಸ್ಥಳವಾಸ ತಪ್ಪದು. ಆದುದರಿಂದಲೇ ವಿಶ್ರಾಂತಿ ವೇತನದ ದಿನಗಳು ಸಮೀಪಿಸಿದ ಗೃಹಸ್ಥರು ರಜಾದಿನಗಳಲ್ಲಿ ರೈಲು ಹತ್ತಿ ಶಿವಮೊಗ್ಗೆಗೆ ಬರುವರು. ಬಡಾವಣೆಗಳಲ್ಲಿ ಕಲ್ಲು ನೆಟ್ಟ ನಿವೇಶನಗಳನ್ನು ನೋಡುವರು. ಭದ್ರಾವತಿಯಲ್ಲಿ ಇನ್ನೂ ಅಗ್ಗವೆಂದು ಕೇಳಿ ಅಲ್ಲಿಗೂ ಹೋಗಿ ಬೆಲೆ ವಿಚಾರಿಸುವರು. ಸಂಜೆಯ ಗಾಡಿಗೆ ಲೆಕ್ಕದ ಚೀಟಿಯೊಡನೆ ಹಿಂದಿರುಗುವರು.

ಇವರ ಆಸೆಯನ್ನು ಆಕ್ಷೇಪಿಸುವುದು ನ್ಯಾಯವಲ್ಲ. ಮೂವತ್ತು ವರ್ಷ ಧೂಳಿನಲ್ಲಿಯೂ ಗದ್ದಲದಲ್ಲಿಯೂ ದುಡಿದವನು ಹೊಳೆಯ ಗಾಳಿಯನ್ನು ಬಯಸಿದರೆ ತಪ್ಪೇನು? ಶಿವಮೊಗ್ಗೆಯ ಗುಣಗಳೂ ಸುಳ್ಳಲ್ಲ. ‘ಗಂಗಾಸ್ನಾನ, ತುಂಗಾಪಾನ’ವೆಂಬ ಗಾದೆಗೆ ಪಾತ್ರಳಾದ ತುಂಗೆ ಊರಿನ ಮಗ್ಗುಲಲ್ಲಿಯೇ ಹರಿಯುತ್ತಾಳೆ. 1930ರಲ್ಲಿ ಹುಟ್ಟಿದ ಕರ್ನಾಟಕ ಸಂಘವೂ 1940ರಲ್ಲಿ ಸ್ಥಾಪಿತವಾದ ಸಹ್ಯಾದ್ರಿ ಕಾಲೇಜೂ ಊರಿಗೆ ವಿದ್ಯೆಯ ವಾಸನೆಯನ್ನು ಕೊಟ್ಟಿವೆ. ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಿದೆ. ಸೋಗಾನೆಯಲ್ಲಿ 2023ರಲ್ಲಿ ವಿಮಾನ ನಿಲ್ದಾಣವೂ ಆಯಿತು. ಇಪ್ಪತ್ತು ಕಿಲೋಮೀಟರಿನೊಳಗೆ ಭದ್ರೆಯ ದಡದಲ್ಲಿ ಭದ್ರಾವತಿ. ಇವೆಲ್ಲವೂ ನಿಜ. ಆದರೆ ಬಂದು ನೋಡುವವರ ಚೀಟಿಯಲ್ಲಿ ಅಡಿಗೆಷ್ಟು, ಬಾಡಿಗೆಯೆಷ್ಟು, ತರಕಾರಿಗೆಷ್ಟು ಎಂಬ ಪ್ರಶ್ನೆಗಳೆಲ್ಲ ಇರುತ್ತವೆ. ಇರಬೇಕಾದ ಮೊದಲನೆಯ ಪ್ರಶ್ನೆಯೇ ಇರುವುದಿಲ್ಲ. ಆ ಊರು ಅಗ್ಗವಾಗಿರುವುದೇಕೆ?

ಭದ್ರಾವತಿಯ ಮಟ್ಟಿಗೆ ಈ ಪ್ರಶ್ನೆಗೆ ಉತ್ತರ ಸ್ಪಷ್ಟವಾಗಿದೆ. ಬೆಂಕಿಪುರವೆಂದು ಹೆಸರಾಗಿದ್ದ ಆ ಹಳೆಯ ಊರಿನಲ್ಲಿ 1918ರಲ್ಲಿ ಮೈಸೂರು ಸರಕಾರವು ಕಬ್ಬಿಣದ ಕಾರ್ಖಾನೆಗೆ ಅಡಿಪಾಯ ಹಾಕಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು, ಭದ್ರೆಯ ನೀರು ಈ ಮೂರೂ ಕೂಡಿ 1923ರಲ್ಲಿ ಕುಲುಮೆ ಉರಿಯಿತು. 1936ರಲ್ಲಿ ಕಾಗದದ ಕಾರ್ಖಾನೆ ಬಂದಿತು. ತಮಿಳರು, ತೆಲುಗರು, ಮಲೆಯಾಳಿಗಳು, ಬಯಲುಸೀಮೆಯ ಕನ್ನಡಿಗರು ಬಂದು ನೆಲೆಸಿ ನ್ಯೂ ಟೌನ್, ಪೇಪರ್ ಟೌನ್ ಎಂಬ ಬಡಾವಣೆಗಳು ಬೆಳೆದುವು. ಅನಂತರ ಬಂದ ದಿನಗಳ ಕಥೆ ಬೇರೆ. ಕಾಗದದ ಕಾರ್ಖಾನೆಯು 2015ರಲ್ಲಿ ಉತ್ಪಾದನೆಯನ್ನು ನಿಲ್ಲಿಸಿತು. ಉಕ್ಕಿನ ಕಾರ್ಖಾನೆಯು ರಾಜ್ಯದ ಕೈಯಿಂದ ಕೇಂದ್ರದ ಉಕ್ಕು ಪ್ರಾಧಿಕಾರದ ಕೈಗೆ ಹೋಗಿ, ಕಡೆಗೆ 2023ರ ಜನವರಿಯಲ್ಲಿ ಅದನ್ನು ಮುಚ್ಚುವ ತೀರ್ಮಾನವೇ ಆಯಿತು. ಗುತ್ತಿಗೆಯ ಕಾರ್ಮಿಕರು ತಿಂಗಳುಗಟ್ಟಲೆ ಬೀದಿಯಲ್ಲಿ ಕುಳಿತರು. ಆ ವರ್ಷವೇ ಸ್ವಲ್ಪ ಕೆಲಸ ಮತ್ತೆ ಆರಂಭವಾಯಿತಾದರೂ ಹಿಂದಿನ ಕಳೆ ಬರಲಿಲ್ಲ.

ಜನಗಣತಿಯ ಅಂಕಗಳು ಇದನ್ನೇ ಹೇಳುತ್ತವೆ. 2001ರಲ್ಲಿ ಭದ್ರಾವತಿಯ ಜನಸಂಖ್ಯೆ ಸುಮಾರು 1 ಲಕ್ಷ 60 ಸಾವಿರ. 2011ರಲ್ಲಿ ಅದು ಸುಮಾರು 1 ಲಕ್ಷ 51 ಸಾವಿರಕ್ಕೆ ಇಳಿದಿತ್ತು. ಅದೇ ಹತ್ತು ವರ್ಷಗಳಲ್ಲಿ ನೆರೆಯ ಶಿವಮೊಗ್ಗೆಯು 2 ಲಕ್ಷ 74 ಸಾವಿರದಿಂದ 3 ಲಕ್ಷ 22 ಸಾವಿರಕ್ಕೆ ಏರಿತ್ತು. ಒಂದೇ ಜಿಲ್ಲೆ, ಒಂದೇ ರೈಲುದಾರಿ; ಒಂದು ಊರು ತುಂಬಿತು, ಇನ್ನೊಂದು ಬರಿದಾಯಿತು. ಕಾಗದದ ಕಾರ್ಖಾನೆಗೆ ಬೀಗ ಬೀಳುವ ಮೊದಲಿನ ಲೆಕ್ಕವಿದು ಎಂಬುದನ್ನು ಮರೆಯಲಾಗದು. ಹೀಗಿರುವಲ್ಲಿ, ‘ಭದ್ರಾವತಿಯಲ್ಲಿ ನಿವೇಶನ ಅಗ್ಗ’ ಎಂಬ ಮಾತಿನ ಅರ್ಥವೇನು? ಅಲ್ಲಿಯ ತರುಣರಿಗೆ ಕೆಲಸವಿಲ್ಲವೆಂದೇ ಅರ್ಥ. ಕೊಳ್ಳುವವನಿಗೆ ಲಾಭವಾಗಿ ಕಾಣುವ ಇಳಿದ ಬೆಲೆಯು ಮಾರುವವನ ಮನೆಯಲ್ಲಿ ನಿಂತುಹೋದ ಸಂಬಳ. ಸತ್ತವರ ಮನೆಯ ಪಾತ್ರೆ ಅಗ್ಗವಾಗಿ ಸಿಕ್ಕಿತೆಂದು ಹಿಗ್ಗುವವನನ್ನು ಲೋಕವು ಜಾಣನೆನ್ನಬಹುದು, ಸಜ್ಜನನೆನ್ನದು.

ಇಷ್ಟಕ್ಕೇ ಮುಗಿಯಲಿಲ್ಲ. ಭದ್ರಾವತಿಯು ಹೊರಗಿನ ನಿವೃತ್ತರು ಬರುವ ಮೊದಲೇ ನಿವೃತ್ತರ ಊರು. ಕುಲುಮೆಯ ಎದುರು ಬೆವರು ಸುರಿಸಿದವರು ಅಲ್ಲಿಯ ಬೀದಿಗಳಲ್ಲಿಯೇ ಮುದುಕರಾಗಿದ್ದಾರೆ. ಸರಕಾರಿ ನೌಕರಿಯಲ್ಲಿದ್ದವನಿಗೆ ಬೆಲೆಗಳು ಏರಿದಂತೆಲ್ಲ ಪೆನ್ಷನ್ನಿನ ಮೇಲೆ ತುಟ್ಟಿಭತ್ಯವೂ ಏರುತ್ತದೆ. ಕಾರ್ಖಾನೆಯಲ್ಲಿ ದುಡಿದವನ ಪಾಡು ಹಾಗಲ್ಲ. 1995ರ ನೌಕರರ ಪಿಂಚಣಿ ಯೋಜನೆಯಲ್ಲಿ ಮಿತಿಗೊಳಪಟ್ಟ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುತ್ತಾರೆ. 2014ರಲ್ಲಿ ಗೊತ್ತಾದ ಸಂಬಳದ ಮಿತಿಯೇ 15,000 ರೂಪಾಯಿ. ಅದಕ್ಕೆ ಮುನ್ನ 6,500. ಈ ಮಿತಿಯೊಳಗೆ ಬಾಳೆಲ್ಲ ದುಡಿದವನ ಮಾಸಿಕ ಪಿಂಚಣಿ ಏಳೆಂಟು ಸಾವಿರವನ್ನು ದಾಟುವುದು ದುರ್ಲಭ. ಅದೇ 2014ರಲ್ಲಿ ನಿಗದಿಯಾದ ಕನಿಷ್ಠ ಪಿಂಚಣಿ 1,000 ರೂಪಾಯಿ. ತುಟ್ಟಿಭತ್ಯದ ಮಾತೇ ಇಲ್ಲ. ಹೊರಗಿನಿಂದ ಬಂದ ನಿವೃತ್ತನಿಗೆ ಅಗ್ಗವಾಗಿ ತೋರಿದ ಬಾಡಿಗೆ, ಅವನಂಥವರು ನೂರು ಮಂದಿ ಬಂದ ಮೇಲೆ ಏರುವುದು. ಆ ಏರಿಕೆಯನ್ನು ತಾಳಲಾರದವನು ಪಕ್ಕದ ಮನೆಯ ಹಳೆಯ ಕುಲುಮೆಗಾರ. ಒಂದೇ ಬೀದಿಯಲ್ಲಿ ಇಬ್ಬರು ವೃದ್ಧರು. ಒಬ್ಬನ ವಿಶ್ರಾಂತಿಗೆ ಇನ್ನೊಬ್ಬನು ತೆರಿಗೆ ತೆರಬೇಕಾದರೆ ಅದು ಯಾವ ಧರ್ಮ?

ಹಾಗಾದರೆ ಪರಸ್ಥಳದವರು ಬರಲೇ ಬಾರದೆಂದು ಕೆಲವರು ಹೇಳುವುದುಂಟು. ಈ ಮಾತೂ ನಿಲ್ಲತಕ್ಕದ್ದಲ್ಲ. ಪರಸ್ಥಳದವರಿಂದಲೇ ಕಟ್ಟಲ್ಪಟ್ಟ ಭದ್ರಾವತಿಯು ಪರಸ್ಥಳದವರಿಗೆ ಬಾಗಿಲು ಹಾಕುವುದು ಹಾಸ್ಯಾಸ್ಪದ. ನಿವೃತ್ತರ ಹಣ ಊರಿನಲ್ಲಿ ಸುತ್ತಾಡಿ ಹಾಲಿನವನಿಗೂ ಆಟೋದವನಿಗೂ ಅನ್ನವಾಗುತ್ತದೆಂಬ ವಾದದಲ್ಲಿ ಸತ್ಯಾಂಶವಿದೆ. ಆದರೆ ಆ ವಾದವು ಮನೆ ಮಾಡಿ ವಾಸಿಸುವವನಿಗೆ ಸಲ್ಲುತ್ತದೆಯೇ ಹೊರತು, ನಿವೇಶನ ಕೊಂಡು ಬೇಲಿ ಹಾಕಿ ಬೆಲೆ ಏರಲೆಂದು ಬೆಂಗಳೂರಿನಲ್ಲಿ ಕುಳಿತವನಿಗೆ ಸಲ್ಲದು. ಬೇಲಿಯೊಳಗೆ ಬೆಳೆದ ಪಾರ್ಥೇನಿಯಂ ಗಿಡ ಯಾವ ಅಂಗಡಿಯವನಿಂದಲೂ ಅಕ್ಕಿ ಕೊಳ್ಳುವುದಿಲ್ಲ. ‘ಹಿರಿಯರ ಸ್ವರ್ಗ’ವೆಂದು ಹಲಗೆ ನಿಲ್ಲಿಸುವ ದಲ್ಲಾಳಿಗಳು ಮಾರುತ್ತಿರುವುದು ಹೆಚ್ಚಾಗಿ ಇಂಥ ಬೇಲಿಗಳನ್ನೇ.

ಸ್ವರ್ಗದ ಈ ಮಾತು ಕನ್ನಡ ನಾಡಿಗೆ ಅಪರಿಚಿತವೇನಲ್ಲ. ಒಂದು ಕಾಲದಲ್ಲಿ ಪೆನ್ಷನ್‌ದಾರರ ಸ್ವರ್ಗವೆಂದು ಕರೆಯಿಸಿಕೊಂಡ ಊರು ಬೆಂಗಳೂರೇ. 1898ರ ಪ್ಲೇಗು ಹಾವಳಿಯ ಕಾಲದಲ್ಲಿ ರೂಪುಗೊಂಡ ಬಸವನಗುಡಿ, ಮಲ್ಲೇಶ್ವರಗಳ ಅಗಲವಾದ ಬೀದಿಗಳಲ್ಲಿ ನಿವೃತ್ತ ಅಮಲ್ದಾರರೂ ಉಪಾಧ್ಯಾಯರೂ ಹೂದೋಟದ ಮನೆ ಕಟ್ಟಿಕೊಂಡು ನೆಮ್ಮದಿಯಾಗಿದ್ದರು. ಆ ಸ್ವರ್ಗದಿಂದ ಈಗ ನಿವೃತ್ತರೇ ಹೊರಬೀಳುತ್ತಿದ್ದಾರೆ. ನೆಲವನ್ನು ವಾಸಕ್ಕೆಂದು ಎಣಿಸದೆ ವ್ಯಾಪಾರಕ್ಕೆಂದು ಎಣಿಸಿದ ಊರು ಮೊದಲು ತನ್ನ ಬಡವರನ್ನು, ಬಳಿಕ ತನ್ನ ಮುದುಕರನ್ನು ಹೊರಗೆ ಹಾಕುತ್ತದೆ. ಅಲ್ಲಿಂದ ಹೊರಬಿದ್ದವರೇ ಅದೇ ಲೆಕ್ಕದ ಚೀಟಿಯನ್ನು ಶಿವಮೊಗ್ಗೆಗೆ ತಂದರೆ, ಮೂವತ್ತು ವರ್ಷಗಳ ಅನಂತರ ಶಿವಮೊಗ್ಗೆಯವರು ಎಲ್ಲಿಗೆ ಹೋಗಬೇಕು?

ಅಗ್ಗದ ಲೆಕ್ಕವು ಕೊಳ್ಳುವವನಿಗಾದರೂ ಹಿತವೇ ಎಂದರೆ, ಅದೂ ಸಂದೇಹ. ಊರು ನೋಡುವವರು ಬರುವುದು ಸಾಮಾನ್ಯವಾಗಿ ಮಾರ್ಗಶಿರದ ಹಿತವಾದ ಬಿಸಿಲಿನಲ್ಲಿ. ಆಷಾಢದಲ್ಲಿ ಬಂದು ನೋಡಿದವರೆಷ್ಟು ಮಂದಿ? 2019ರ ಆಗಸ್ಟಿನಲ್ಲಿ ತುಂಗೆಯು ಉಕ್ಕಿ ಶಿವಮೊಗ್ಗೆಯ ತಗ್ಗು ಬಡಾವಣೆಗಳ ಮನೆಗಳಿಗೇ ನುಗ್ಗಿದಳು. ಹೊಳೆಯ ಗಾಳಿ ಬೇಕೆಂದವನು ಹೊಳೆಯ ಮಟ್ಟವನ್ನೂ ವಿಚಾರಿಸಬೇಕು. ಎಪ್ಪತ್ತರ ಕಾಲಿಗೆ ಜಾರದ ಕಾಲುದಾರಿಯಿದೆಯೇ, ನಡುರಾತ್ರಿ ಎದೆ ನೋಯುವಾಗ ವಾಹನ ಸಿಕ್ಕುವುದೇ ಎಂಬುದು ಅಡಿಯ ಬೆಲೆಗಿಂತ ಹಿರಿದಾದ ವಿಚಾರ. ಭದ್ರಾವತಿಯವನು ದೊಡ್ಡ ಕಾಯಿಲೆಗೆ ಶಿವಮೊಗ್ಗೆಗೆ ಓಡುತ್ತಾನೆ; ಶಿವಮೊಗ್ಗೆಯವನು ಇನ್ನೂ ದೊಡ್ಡದಕ್ಕೆ ಘಟ್ಟವಿಳಿದು ಮಣಿಪಾಲಕ್ಕೋ ಬೆಂಗಳೂರಿಗೋ ಹೋಗುತ್ತಾನೆ. ಮಕ್ಕಳು ದೂರದೇಶದಲ್ಲಿದ್ದು, ತಂದೆತಾಯಿಗಳನ್ನು ಅಗ್ಗದ ಊರಿಗೆ ಕಳುಹಿಸಿ, ತಿಂಗಳಿಗೊಮ್ಮೆ ಹಣ ಹಾಕಿದರೆ ಋಣ ತೀರಿತೆಂದು ತಿಳಿಯುವುದಾದರೆ, ಅದು ವಾನಪ್ರಸ್ಥವಲ್ಲ, ಗಡೀಪಾರು.

ಇನ್ನು ಊರಿನವರ ಮತ್ತು ಸರಕಾರದ ಕರ್ತವ್ಯ. 2007ರ ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆಯ ಕಾನೂನು, ಕನಿಷ್ಠಪಕ್ಷ 150 ಮಂದಿ ನಿರ್ಗತಿಕ ವೃದ್ಧರಿಗೆ ಸಾಲುವಷ್ಟು ವೃದ್ಧಾಶ್ರಮಗಳು ಪ್ರತಿ ಜಿಲ್ಲೆಯಲ್ಲಿಯೂ ಇರಬಹುದೆಂದೂ, ಸರಕಾರಿ ಆಸ್ಪತ್ರೆಗಳಲ್ಲಿ ಹಿರಿಯರಿಗೆ ಹಾಸಿಗೆಗಳೂ ಪ್ರತ್ಯೇಕ ಸಾಲೂ ಇರಬೇಕೆಂದೂ ಹೇಳುತ್ತದೆ. 2024ರ ಅಕ್ಟೋಬರಿನಿಂದ 70 ವರ್ಷ ದಾಟಿದವರೆಲ್ಲರಿಗೂ ಆಯುಷ್ಮಾನ್ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ರಕ್ಷೆ ದೊರೆತಿದೆ. ಕಾಗದದ ಮೇಲಿನ ಹಕ್ಕು ಹಾಸಿಗೆಯಾಗಿ, ವೈದ್ಯನಾಗಿ, ಕಾಲುದಾರಿಯಾಗಿ ಇಳಿದು ಬರಬೇಕಾದರೆ ಕೇಳುವವರು ಬೇಕು. ಕಾರ್ಖಾನೆಗಳ ಬೀಗಬಿದ್ದ ವಸತಿಗೃಹಗಳನ್ನು ಪಾಳುಬಿಡುವ ಬದಲು ದುರಸ್ತಿಮಾಡಿ, ಮೊದಲು ಅಲ್ಲಿಯೇ ದುಡಿದವರಿಗೆ, ಅನಂತರ ವಾಸಕ್ಕೆ ಬರುವ ಇತರ ವೃದ್ಧರಿಗೆ ಸಲ್ಲುವ ಬಾಡಿಗೆಯಲ್ಲಿ ಕೊಟ್ಟರೆ ಯಾರಿಗೆ ನಷ್ಟ? ತನ್ನ ಮುದುಕರನ್ನು ಸಾಕಲಾರದ ಊರು ಪರರ ಮುದುಕರಿಗೆ ಆಹ್ವಾನಪತ್ರಿಕೆ ಹಂಚುವುದು ಬರಿಯ ವ್ಯಾಪಾರ.

ಬರುವವನೂ ಕೊಳ್ಳುವವನಾಗಿ ಬರದೆ ಪೌರನಾಗಿ ಬರಲಿ. ಒಂದು ವರ್ಷ ಬಾಡಿಗೆಯ ಮನೆಯಲ್ಲಿ ಮಳೆಗಾಲ ಬೇಸಿಗೆಗಳೆರಡನ್ನೂ ಕಂಡು ಬಳಿಕ ನೆಲ ಕೊಳ್ಳಲಿ; ಕೊಂಡರೆ ಕಟ್ಟಿ ವಾಸಿಸಲಿ. ಮತದಾರರ ಪಟ್ಟಿಯಲ್ಲಿ ಹೆಸರು ಬರೆಯಿಸಿ, ನೀರಿಗೂ ಆಸ್ಪತ್ರೆಗೂ ಆಗುವ ಹೋರಾಟದಲ್ಲಿ ನೆರೆಯವನೊಡನೆ ನಿಲ್ಲಲಿ. ಲೆಕ್ಕ ಬಲ್ಲವನು ನೆರೆಯ ಕಾರ್ಮಿಕನ ಪಿಂಚಣಿಯ ಅರ್ಜಿ ಬರೆದುಕೊಡಲಿ. ಪಾಠ ಬಲ್ಲವನು ಕೆಲಸವಿಲ್ಲದ ಮನೆಯ ಹುಡುಗರಿಗೆ ಪಾಠ ಹೇಳಲಿ. ಆಗ ಪರಸ್ಥಳವು ಸ್ವಸ್ಥಳವಾಗುವುದು. ಧರ್ಮರಾಯನ ಉತ್ತರದ ವಿರೋಧವೂ ಪರಿಹಾರವಾಗುವುದು.

ಇದಕ್ಕೆ ನಿದರ್ಶನವನ್ನು ಹೊರಗೆ ಹುಡುಕಬೇಕಾದುದಿಲ್ಲ. ಮುಂಬಯಿ ಸರಕಾರದ ಸೇವೆಯಿಂದ 1908ರಲ್ಲಿ ನಿವೃತ್ತರಾಗಿ, 1918ರಲ್ಲಿ ಮೈಸೂರಿನ ದಿವಾನಗಿರಿಯನ್ನೂ ಬಿಟ್ಟಿದ್ದ ವಿಶ್ವೇಶ್ವರಯ್ಯನವರು, ಭದ್ರಾವತಿಯ ಕಾರ್ಖಾನೆಯು ನಷ್ಟದ ಕೆಸರಿನಲ್ಲಿ ಹೂತಿದ್ದಾಗ, 1923ರಲ್ಲಿ ಅದರ ಆಡಳಿತದ ಹೊಣೆಯನ್ನು ಹೊತ್ತು 1929ರವರೆಗೆ ನಡೆಯಿಸಿದರು. ಆಗ ಅವರಿಗೆ ವಯಸ್ಸು ಅರವತ್ತು ದಾಟಿತ್ತು. ಭದ್ರಾವತಿಯನ್ನು ನೋಡಲು ಬಂದ ನಿವೃತ್ತರಲ್ಲಿ ಅವರೇ ಅಗ್ರಗಣ್ಯರು. ಊರು ಎಷ್ಟಕ್ಕೆ ಸಿಕ್ಕೀತೆಂದು ಅವರು ಕೇಳಲಿಲ್ಲ. ಊರಿಗೆ ಏನು ಬೇಕೆಂದು ಕೇಳಿದರು. ಎಲ್ಲರೂ ವಿಶ್ವೇಶ್ವರಯ್ಯನವರಾಗಲಾರರು; ಆದರೆ ಅವರು ಕೇಳಿದ ಪ್ರಶ್ನೆಯನ್ನು ಕೇಳುವುದಕ್ಕೆ ಯಾವ ನಿವೃತ್ತನಿಗೂ ಅಡ್ಡಿಯಿಲ್ಲ.