‘ಗವರ್ನಮೆಂಟ್ ಅಪ್ರೂವ್ಡ್ ವ್ಯಾಲ್ಯೂವರ್’: ಅಪ್ರೂವ್ ಮಾಡಿದವರು ಯಾರು?

ಗೃಹಸಾಲಕ್ಕೆ ಅರ್ಜಿ ಹಾಕಿದ ಕೆಲವು ದಿನಗಳಲ್ಲಿ ನಾವು ಕೊಳ್ಳಲಿರುವ ಮನೆಗೆ ಒಬ್ಬರು ಬರುತ್ತಾರೆ. ಟೇಪು ಹಿಡಿದು ಅಳೆಯುತ್ತಾರೆ, ನಾಲ್ಕಾರು ಫೋಟೊ ತೆಗೆಯುತ್ತಾರೆ, ಅಕ್ಕಪಕ್ಕದಲ್ಲಿ ಸೈಟಿನ ದರ ವಿಚಾರಿಸಿ ಹೊರಡುತ್ತಾರೆ. ಅವರು ಬ್ಯಾಂಕಿಗೆ ಕೊಡುವ ವರದಿ ಸಾಮಾನ್ಯವಾಗಿ ನಮ್ಮ ಕೈಗೆ ಬರುವುದಿಲ್ಲ. ಆದರೆ ನಮ್ಮ ಸಾಲದ ಮೊತ್ತ ನಿಂತಿರುವುದು ಅದರ ಮೇಲೆಯೇ.

ಒಂದು ಸಣ್ಣ ಲೆಕ್ಕ ಹಾಕೋಣ. ಮನೆಯನ್ನು 60 ಲಕ್ಷ ರೂಪಾಯಿಗೆ ಮಾತಾಡಿ ಮುಂಗಡ ಕೊಟ್ಟಿದ್ದೇವೆ ಎಂದುಕೊಳ್ಳಿ. ರಿಸರ್ವ್ ಬ್ಯಾಂಕಿನ ನಿಯಮದಂತೆ, 30 ಲಕ್ಷಕ್ಕಿಂತ ಹೆಚ್ಚು, 75 ಲಕ್ಷದವರೆಗಿನ ಗೃಹಸಾಲ ಆಸ್ತಿಯ ಮೌಲ್ಯದ ಶೇ 80ನ್ನು ಮೀರುವಂತಿಲ್ಲ. ಹಾಗಾಗಿ 48 ಲಕ್ಷ ಸಿಗಬಹುದು ಎಂದು ನಂಬಿರುತ್ತೇವೆ. ಮೌಲ್ಯಮಾಪಕರು ತಮ್ಮ ವರದಿಯಲ್ಲಿ 52 ಲಕ್ಷ ಎಂದು ಬರೆದರೆ ಸಿಗುವುದು ಹೆಚ್ಚೆಂದರೆ 41.6 ಲಕ್ಷ. ಕಡಿಮೆ ಬಿದ್ದ 6.4 ಲಕ್ಷವನ್ನು ಹೇಗಾದರೂ ಹೊಂದಿಸಬೇಕು, ಇಲ್ಲವೇ ಮುಂಗಡ ಕಳೆದುಕೊಳ್ಳುವ ಅಪಾಯ ಎದುರಿಸಬೇಕು.

ಬೆಲೆ ಕಟ್ಟಲು ಇವರಿಗೆ ಅಧಿಕಾರ ಕೊಟ್ಟವರು ಯಾರು ಎಂದು ಕೇಳಿದರೆ ಸಿಗುವ ಉತ್ತರ: ‘ಅವರು ಗವರ್ನಮೆಂಟ್ ಅಪ್ರೂವ್ಡ್ ವ್ಯಾಲ್ಯೂವರ್’. ಈ ಮಾತು ಪೂರ್ತಿ ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಎಲ್ಲ ಕೆಲಸಕ್ಕೂ ಸಲ್ಲುವ ಒಂದೇ ‘ಸರ್ಕಾರಿ ಅಂಗೀಕಾರ’ ನಮ್ಮ ದೇಶದಲ್ಲಿ ಇಲ್ಲ. ಇರುವುದು ಬೇರೆ ಬೇರೆ ಪಟ್ಟಿಗಳು, ಒಂದೊಂದಕ್ಕೂ ಒಂದೊಂದು ಉದ್ದೇಶ.

ತೆರಿಗೆ ಹೋಯಿತು, ಪಟ್ಟಿ ಉಳಿಯಿತು

ಮೊದಲನೆಯದು ತೆರಿಗೆ ಇಲಾಖೆಯ ಪಟ್ಟಿ. ಶ್ರೀಮಂತರ ಆಸ್ತಿಗೆ ತೆರಿಗೆ ಹಾಕಬೇಕಾದರೆ ಆಸ್ತಿಯ ಬೆಲೆ ಗೊತ್ತಿರಬೇಕು. ಅದಕ್ಕಾಗಿ 1957ರ ಸಂಪತ್ತು ತೆರಿಗೆ ಕಾಯ್ದೆಗೆ 34ಎಬಿ ಎಂಬ ಕಲಮು ಸೇರಿಸಿ, ಮೌಲ್ಯಮಾಪಕರನ್ನು ನೋಂದಾಯಿಸುವ ವ್ಯವಸ್ಥೆ ತಂದರು. ‘ಅಪ್ರೂವ್ಡ್ ವ್ಯಾಲ್ಯೂವರ್’ ಎಂಬ ಮಾತು ಜನರ ಬಾಯಿಗೆ ಬಂದದ್ದಕ್ಕೆ ಈ ಪಟ್ಟಿಯೇ ಮುಖ್ಯ ಕಾರಣ.

2015ರ ಬಜೆಟ್‌ನಲ್ಲಿ ಸಂಪತ್ತು ತೆರಿಗೆಯೇ ರದ್ದಾಯಿತು. ಆದರೆ ಪಟ್ಟಿ ಉಳಿಯಿತು, ಏಕೆಂದರೆ ಬೇರೆ ಕಾನೂನುಗಳು ಅದನ್ನು ನೆಚ್ಚಿಕೊಂಡಿದ್ದವು. 2001ರ ಏಪ್ರಿಲ್ 1ಕ್ಕಿಂತ ಹಿಂದೆ ಬಂದ ಜಮೀನನ್ನೋ ಮನೆಯನ್ನೋ ಮಾರುವವರು, ಲಾಭದ ಮೇಲಿನ ತೆರಿಗೆ ಲೆಕ್ಕಕ್ಕೆ ಆ ದಿನದ ಬೆಲೆ ತೋರಿಸಲು ಈ ಪಟ್ಟಿಯವರ ವರದಿ ಪಡೆಯುತ್ತಿದ್ದರು. ಸಾಲ ತೀರದ ಮನೆಯನ್ನು ಬ್ಯಾಂಕು 2002ರ ಸರ್ಫೇಸಿ ಕಾಯ್ದೆಯಡಿ ಹರಾಜಿಗೆ ಇಡುವಾಗ, ಕನಿಷ್ಠ ಬೆಲೆ ನಿಗದಿಗೆ ಮುನ್ನ ‘ಅಪ್ರೂವ್ಡ್ ವ್ಯಾಲ್ಯೂವರ್’ ಕಡೆಯಿಂದ ಮೌಲ್ಯಮಾಪನ ಮಾಡಿಸಬೇಕು ಎಂದು ನಿಯಮವಿದೆ. ಆ ನಿಯಮವೂ ಕೈತೋರಿದ್ದು ಇದೇ 34ಎಬಿ ಕಡೆಗೆ.

2017ರಲ್ಲಿ ಬಂದ ಹೊಸ ಪಟ್ಟಿ

ಎರಡನೆಯದು 2013ರ ಕಂಪನಿ ಕಾಯ್ದೆಯ 247ನೇ ಕಲಮಿನದು. ಇದು ಜಾರಿಗೆ ಬಂದದ್ದು 2017ರ ಅಕ್ಟೋಬರ್‌ನಲ್ಲಿ. ಇದರ ಉಸ್ತುವಾರಿ ಭಾರತೀಯ ದಿವಾಳಿತನ ಮಂಡಳಿಯದು, ಅಂದರೆ ಐಬಿಬಿಐಯದು. ಇಲ್ಲಿ ಮೂರು ವರ್ಗಗಳಿವೆ: ಭೂಮಿ ಮತ್ತು ಕಟ್ಟಡ, ಯಂತ್ರೋಪಕರಣ, ಷೇರು ಮುಂತಾದ ಹಣಕಾಸು ಆಸ್ತಿ. ಒಂದು ವರ್ಗದಲ್ಲಿ ನೋಂದಣಿಯಾದವರು ಇನ್ನೊಂದು ವರ್ಗದ ಆಸ್ತಿಗೆ ಬೆಲೆ ಕಟ್ಟುವಂತಿಲ್ಲ.

ಭೂಮಿ–ಕಟ್ಟಡದ ವರ್ಗಕ್ಕೆ ಬರಲು ಸಿವಿಲ್ ಎಂಜಿನಿಯರಿಂಗ್, ವಾಸ್ತುಶಿಲ್ಪ ಅಥವಾ ನಗರ ಯೋಜನೆಯ ಪದವಿ ಪಡೆದವರಿಗೆ 5 ವರ್ಷದ ಅನುಭವ ಬೇಕು. ಸ್ನಾತಕೋತ್ತರ ಪದವಿ ಇದ್ದವರಿಗೆ ಅನುಭವದಲ್ಲಿ ರಿಯಾಯಿತಿ ಇದೆ. ಮಾನ್ಯತೆ ಪಡೆದ ಮೌಲ್ಯಮಾಪಕರ ಸಂಸ್ಥೆಯೊಂದರ ಸದಸ್ಯರಾಗಿ, 50 ಗಂಟೆಗಳ ತರಬೇತಿ ಮುಗಿಸಿ, ಪರೀಕ್ಷೆಯಲ್ಲಿ ಪಾಸಾಗಬೇಕು. ತಮಗೆ ಹಿತಾಸಕ್ತಿ ಇರುವ ಆಸ್ತಿಗೆ ಬೆಲೆ ಕಟ್ಟುವಂತಿಲ್ಲ. ಇಂತಿಷ್ಟು ಬೆಲೆ ಬಂದರೆ ಇಂತಿಷ್ಟು ಶುಲ್ಕ ಎಂಬ ಒಪ್ಪಂದಕ್ಕೂ ಅವಕಾಶವಿಲ್ಲ. ವಂಚಿಸುವ ಉದ್ದೇಶ ಸಾಬೀತಾದರೆ ಜೈಲು ಶಿಕ್ಷೆಯೂ ಇದೆ.

ಇದು ಇರುವುದರಲ್ಲಿ ಬಿಗಿಯಾದ ವ್ಯವಸ್ಥೆ. ಆದರೆ ಇದರ ವ್ಯಾಪ್ತಿ ಮುಖ್ಯವಾಗಿ ಕಂಪನಿ ವ್ಯವಹಾರ ಮತ್ತು ದಿವಾಳಿ ಪ್ರಕರಣಗಳಿಗೆ ಸೀಮಿತ. ಅಣ್ಣತಮ್ಮಂದಿರ ನಡುವೆ ಮನೆ ಪಾಲಾಗುವಾಗ ಬೆಲೆ ಹೇಳಲು ಕರೆದವರು ಈ ಪಟ್ಟಿಯಲ್ಲಿ ಇರಲೇಬೇಕೆಂದು ಈ ಕಾಯ್ದೆ ಹೇಳುವುದಿಲ್ಲ.

ಬ್ಯಾಂಕಿನ ಪ್ಯಾನೆಲ್

ಮೂರನೆಯದು ಆಯಾ ಬ್ಯಾಂಕು ತಾನೇ ಇಟ್ಟುಕೊಳ್ಳುವ ಪ್ಯಾನೆಲ್. 2007ರಲ್ಲಿ ರಿಸರ್ವ್ ಬ್ಯಾಂಕು, ಮೌಲ್ಯಮಾಪಕರ ಆಯ್ಕೆಗೆ ಪ್ರತಿ ಬ್ಯಾಂಕಿನ ಆಡಳಿತ ಮಂಡಳಿ ಒಪ್ಪಿದ ನೀತಿ ಇರಬೇಕು ಎಂದಿತು. 50 ಕೋಟಿ ರೂಪಾಯಿ ಅಥವಾ ಅದಕ್ಕೂ ಮೀರಿದ ಆಸ್ತಿಗೆ ಕನಿಷ್ಠ ಎರಡು ಸ್ವತಂತ್ರ ವರದಿ ಬೇಕೆಂದೂ ಹೇಳಿತು. ವಂಚನೆಯಲ್ಲಿ ಕೈಜೋಡಿಸಿದ ಮೌಲ್ಯಮಾಪಕರ ಹೆಸರನ್ನು ಬ್ಯಾಂಕುಗಳು ತಮ್ಮ ಸಂಘದ ಮೂಲಕ ಪರಸ್ಪರ ಹಂಚಿಕೊಂಡು ಎಚ್ಚರಿಕೆ ಪಟ್ಟಿ ಇಡುವ ವ್ಯವಸ್ಥೆಯೂ ಇದೆ.

ಇಲ್ಲಿ ಒಂದು ವಿಷಯ ನೆನಪಿರಲಿ. ಶುಲ್ಕ ಹೆಚ್ಚಾಗಿ ನಮ್ಮ ಕಿಸೆಯಿಂದಲೇ ಹೋದರೂ ಆ ವರದಿ ಬರೆದದ್ದು ಬ್ಯಾಂಕಿಗಾಗಿ. ಸಾಲ ಕಟ್ಟದಿದ್ದರೆ ಈ ಮನೆ ಮಾರಿ ಹಣ ವಾಪಸಾಗುತ್ತದೆಯೇ ಎಂಬುದು ಬ್ಯಾಂಕಿನ ಪ್ರಶ್ನೆ. ನಾವು ಕೊಡುತ್ತಿರುವ ಬೆಲೆ ನ್ಯಾಯವೇ ಎಂಬುದು ನಮ್ಮ ಪ್ರಶ್ನೆ. ಮೊದಲನೆಯದಕ್ಕೆ ಸಿಕ್ಕ ಉತ್ತರವನ್ನೇ ಎರಡನೆಯದಕ್ಕೂ ಉತ್ತರ ಎಂದುಕೊಂಡು ಮೋಸಹೋಗಬಾರದು.

ಇಬ್ಬರು ಹೇಳಿದ ಬೆಲೆ ಬೇರೆಯಾದರೆ ಒಬ್ಬರು ಸುಳ್ಳರೇ?

ಅಲ್ಲ. ಬೆಲೆ ಕಟ್ಟಲು ಮೂರು ಮುಖ್ಯ ದಾರಿಗಳಿವೆ. ಹತ್ತಿರದಲ್ಲಿ ಈಚೆಗೆ ಮಾರಾಟವಾದ ಆಸ್ತಿಗಳ ಜೊತೆ ಹೋಲಿಸುವುದು. ಜಾಗದ ಬೆಲೆಗೆ ಕಟ್ಟಡದ ಖರ್ಚು ಕೂಡಿಸಿ ಸವಕಳಿ ಕಳೆಯುವುದು. ಬರುವ ಬಾಡಿಗೆಯಿಂದ ಲೆಕ್ಕ ಹಾಕುವುದು. ಮೂರೂ ಒಂದೇ ಅಂಕಿ ಕೊಡಬೇಕೆಂದಿಲ್ಲ. ಹೋಲಿಸಲು ಹೊರಟರೆ, ಕ್ರಯಪತ್ರದಲ್ಲಿ ಬರೆದ ಬೆಲೆ ನಿಜವಾಗಿ ಕೊಟ್ಟ ಬೆಲೆಗಿಂತ ಕಡಿಮೆ ಇರುವ ಚಾಳಿ ನಮ್ಮಲ್ಲಿದೆ. ಆಧಾರವೇ ಅಲುಗಾಡುತ್ತಿದ್ದರೆ ಪ್ರಾಮಾಣಿಕರ ಲೆಕ್ಕವೂ ಅತ್ತಿತ್ತ ಆಗುತ್ತದೆ.

ಸಬ್‌ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ದರ ಮಾರುಕಟ್ಟೆ ಬೆಲೆಯಲ್ಲವೇ ಎಂದು ಕೇಳುವವರಿದ್ದಾರೆ. ಅದು 1957ರ ಕರ್ನಾಟಕ ಮುದ್ರಾಂಕ ಕಾಯ್ದೆಯಡಿ ಕೇಂದ್ರ ಮೌಲ್ಯಮಾಪನ ಸಮಿತಿಯ ಮೂಲಕ ಪ್ರದೇಶವಾರು ಗೊತ್ತುಮಾಡುವ ದರ. ಮುದ್ರಾಂಕ ಶುಲ್ಕ ಸೋರಿಹೋಗದಂತೆ ನೋಡುವುದು ಅದರ ಕೆಲಸ. ನಮ್ಮ ಮನೆಯ ಗೋಡೆ ಬಿರುಕು ಬಿಟ್ಟಿದೆಯೋ ಇಲ್ಲವೋ ಅದಕ್ಕೆ ತಿಳಿಯದು.

ಸರ್ವೇಯರ್ ಕಥೆಯೇ ಬೇರೆ

ಬ್ರಿಟನ್ನಿನಲ್ಲಿ ‘ಚಾರ್ಟರ್ಡ್ ಸರ್ವೇಯರ್’ ಎಂಬ ಒಂದೇ ಬಿರುದಿನಡಿ ಜಮೀನು ಅಳೆಯುವವರೂ ಇದ್ದಾರೆ, ಬೆಲೆ ಕಟ್ಟುವವರೂ ಇದ್ದಾರೆ. ಅವರ ಸಂಸ್ಥೆ 1868ರಲ್ಲಿ ಲಂಡನ್ನಿನಲ್ಲಿ ಹುಟ್ಟಿ 1881ರಲ್ಲಿ ರಾಜಸನ್ನದು ಪಡೆಯಿತು. ನಮ್ಮಲ್ಲಿ ಇವೆರಡೂ ಬೇರೆ ಬೇರೆ ಕಸುಬು.

ಕರ್ನಾಟಕದಲ್ಲಿ ಜಮೀನಿನ ಅಳತೆ ಭೂಮಾಪನ, ಕಂದಾಯ ವ್ಯವಸ್ಥೆ ಮತ್ತು ಭೂದಾಖಲೆಗಳ ಇಲಾಖೆಯ ಕೈಯಲ್ಲಿದೆ. ಸರ್ಕಾರಿ ಭೂಮಾಪಕರ ಜೊತೆಗೆ, 1964ರ ಭೂಕಂದಾಯ ಕಾಯ್ದೆಯಡಿ ಇಲಾಖೆಯಿಂದ ಪರವಾನಗಿ ಪಡೆದ ಖಾಸಗಿ ಭೂಮಾಪಕರೂ ಇದ್ದಾರೆ. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಮಾರುವಾಗ ಬೇಕಾಗುವ 11ಇ ನಕ್ಷೆಯ ಅಳತೆಗೆ ಹೆಚ್ಚಾಗಿ ಬರುವವರು ಇವರೇ. ಇವರು ಸರ್ಕಾರಿ ನೌಕರರಲ್ಲ. ಅಳತೆಯ ಲೆಕ್ಕದಲ್ಲಿ ಸಂಭಾವನೆ, ತಿಂಗಳ ಸಂಬಳವಿಲ್ಲ. ಇವರು ಅಳೆದು ತಂದದ್ದನ್ನು ಇಲಾಖೆ ಪರಿಶೀಲಿಸಿ ಒಪ್ಪಬೇಕು. ತಪ್ಪು ಮಾಡಿದರೆ ಪರವಾನಗಿ ಹೋಗುತ್ತದೆ.

ಒಂದು ಗುಂಟೆ ಅಂದರೆ 1089 ಚದರ ಅಡಿ. ಗಡಿಕಲ್ಲು ಒಂದೆರಡು ಅಡಿ ಸರಿದರೂ ಅಕ್ಕಪಕ್ಕದ ಹೊಲದವರು ವರ್ಷಗಟ್ಟಲೆ ಕೋರ್ಟಿಗೆ ಅಲೆಯುವುದನ್ನು ನಾವೆಲ್ಲ ನೋಡಿದ್ದೇವೆ. ಆದರೆ ಭೂಮಾಪಕರು ಹೇಳುವುದು ಗಡಿ ಎಲ್ಲಿದೆ ಎಂದು ಮಾತ್ರ. ಜಮೀನು ಯಾರದು ಎಂದು ತೀರ್ಮಾನಿಸುವ ಅಧಿಕಾರ ಅವರಿಗಿಲ್ಲ.

ಇನ್ನೊಬ್ಬ ‘ಸರ್ವೇಯರ್’ ವಿಮೆಯವರು. ಮನೆಗೆ ಬೆಂಕಿ ಬಿದ್ದಾಗ, ಕಾರು ಗುದ್ದಿದಾಗ ನಷ್ಟ ಅಂದಾಜು ಮಾಡುವ ಇವರಿಗೆ ಪರವಾನಗಿ ಕೊಡುವುದು ವಿಮಾ ನಿಯಂತ್ರಣ ಪ್ರಾಧಿಕಾರ.

ಸಂಘ ಬೇರೆ, ನಿಯಂತ್ರಕ ಬೇರೆ

ವಕೀಲರಿಗೆ ಬಾರ್ ಕೌನ್ಸಿಲ್ ಇದೆ, ವಾಸ್ತುಶಿಲ್ಪಿಗಳಿಗೆ 1972ರ ಕಾಯ್ದೆಯ ಪರಿಷತ್ತು ಇದೆ. ಮೌಲ್ಯಮಾಪಕರೆಲ್ಲರಿಗೂ ಅನ್ವಯಿಸುವಂಥ ಒಂದು ಶಾಸನಬದ್ಧ ಪರಿಷತ್ತು ಇಲ್ಲ. 1968ರಲ್ಲಿ ಆರಂಭವಾದ ಇನ್‌ಸ್ಟಿಟ್ಯೂಷನ್ ಆಫ್ ವ್ಯಾಲ್ಯೂವರ್ಸ್‌ನಂಥ ವೃತ್ತಿಸಂಘಗಳು ಸದಸ್ಯರಿಗೆ ತರಬೇತಿ ಕೊಡುತ್ತವೆ, ಸರ್ಕಾರದ ಮುಂದೆ ಅವರ ಪರ ಮಾತಾಡುತ್ತವೆ. ಇದು ಬೇಕಾದ ಕೆಲಸವೇ. ಆದರೆ ಸಂಘದ ಸದಸ್ಯತ್ವ ಸರ್ಕಾರದ ಪರವಾನಗಿಯಲ್ಲ.

ಎಂ. ಎಸ್. ಸಾಹೂ ಅಧ್ಯಕ್ಷತೆಯ ತಜ್ಞರ ಸಮಿತಿ 2020ರಲ್ಲಿ ಮೌಲ್ಯಮಾಪಕರಿಗಾಗಿ ಒಂದು ರಾಷ್ಟ್ರೀಯ ಸಂಸ್ಥೆ ಬೇಕೆಂದು ಹೇಳಿ ಮಸೂದೆಯ ಕರಡನ್ನೂ ಕೊಟ್ಟಿತು. ಅದು ಇನ್ನೂ ಕಾಯ್ದೆಯಾಗಿಲ್ಲ. ಹಾಗಾಗಿ ತಪ್ಪು ವರದಿಯಿಂದ ನಷ್ಟವಾದರೆ ಎಲ್ಲಿ ದೂರು ಕೊಡಬೇಕು ಎಂಬ ಪ್ರಶ್ನೆಗೂ ಒಂದೇ ಉತ್ತರವಿಲ್ಲ. ಆ ವ್ಯಕ್ತಿ ಯಾವ ಪಟ್ಟಿಯಲ್ಲಿದ್ದಾರೋ ಆ ಬಾಗಿಲನ್ನೇ ತಟ್ಟಬೇಕು.

ಹಾಗಾದರೆ ನಾವು ಏನು ಕೇಳಬೇಕು?

ಮೌಲ್ಯಮಾಪಕರು ಬಂದಾಗ ಅವರ ನೋಂದಣಿ ಸಂಖ್ಯೆ ಕೇಳಿ. ಯಾವ ಕಾಯ್ದೆಯಡಿ, ಯಾವ ವರ್ಗಕ್ಕೆ ಎಂದೂ ಕೇಳಿ. ಐಬಿಬಿಐ ಪಟ್ಟಿಯವರಾದರೆ ಅದರ ಜಾಲತಾಣದಲ್ಲಿ ಹೆಸರು ಸಿಗಬೇಕು. ವರದಿ ಸಿಕ್ಕರೆ ಅದರ ಉದ್ದೇಶ, ದಿನಾಂಕ, ಬಳಸಿದ ವಿಧಾನ ನೋಡಿ. ಸಾಲಕ್ಕೆಂದು ಬರೆದ ವರದಿಯನ್ನು ಪಾಲುಪಟ್ಟಿಗೆ ಬಳಸಬೇಡಿ. ಸಾಧ್ಯವಾದರೆ ಮುಂಗಡ ಕೊಡುವ ಮೊದಲೇ ನಮ್ಮ ಖರ್ಚಿನಲ್ಲಿ, ನಮಗಾಗಿ ಒಂದು ಮೌಲ್ಯಮಾಪನ ಮಾಡಿಸುವುದು ಒಳ್ಳೆಯದು. ಅದಕ್ಕೆ ಕೊಡುವ ಕೆಲವು ಸಾವಿರ ರೂಪಾಯಿ, ಆಮೇಲೆ 6.4 ಲಕ್ಷ ಹೊಂದಿಸಲು ಪರದಾಡುವುದಕ್ಕಿಂತ ಅಗ್ಗ.