ಊಟಕ್ಕೆ ಕರೀತೀರಿ, ವೇದಿಕೆಗೆ ಯಾಕೆ ಕರೆಯಲ್ಲ?

"ಅನ್ನ ಹಾಕ್ತೀವಲ್ಲ, ಇನ್ನೇನು ಬೇಕು?" ದಲಿತರಾದ ನಮಗೆ ಈ ಮಾತು ಹೊಸದಲ್ಲ. ಯೆಹೂದಿಗಳ ತೋರಾದಲ್ಲೂ ಇದೇ ಧಾಟಿಯ ನಿಯಮ ಇದೆ. ಯಾಜಕಕಾಂಡದ 21ನೇ ಅಧ್ಯಾಯ ತೆಗೆದು ನೋಡಿ. ಆರೋನನ ವಂಶದಲ್ಲಿ ಹುಟ್ಟಿದವನಿಗೆ ಪೂಜಾರಿಕೆ ಹಕ್ಕು. ಆದರೆ ಅವನು ಕುರುಡನೋ ಕುಂಟನೋ ಆಗಿದ್ದರೆ ಯಜ್ಞವೇದಿಯ ಹತ್ತಿರ ಬರುವ ಹಾಗಿಲ್ಲ. ದೇವರ ನೈವೇದ್ಯ ಮಾತ್ರ ತಿನ್ನಬಹುದು. ಊಟಕ್ಕುಂಟು, ಅಧಿಕಾರಕ್ಕಿಲ್ಲ!

ಕ್ರಿ.ಶ. 70ರಲ್ಲಿ ರೋಮನ್ನರು ಜೆರುಸಲೇಮಿನ ಆ ದೇವಾಲಯ ಕೆಡವಿದರು. ವೇದಿ ಹೋಯ್ತು, ಮನಸ್ಸು ಹೋಗಲಿಲ್ಲ. ಮಾತೂ ಬಾರದ ಕಿವುಡರನ್ನು ಮಿಷ್ನಾ ಎಂಬ ಧರ್ಮಶಾಸ್ತ್ರ ಬುದ್ಧಿಭ್ರಮಣೆಯವರ, ಚಿಕ್ಕ ಮಕ್ಕಳ ಸಾಲಿಗೆ ಸೇರಿಸಿತು. ಅವರ ಸಾಕ್ಷಿ ನಡೆಯಲ್ಲ. ಸಾಮೂಹಿಕ ಪ್ರಾರ್ಥನೆಗೆ ಬೇಕಾದ ಹತ್ತು ಜನರ ಲೆಕ್ಕಕ್ಕೂ ಅವರಿಲ್ಲ. ಕನ್ಸರ್ವೇಟಿವ್ ಪಂಗಡದ ಧರ್ಮಶಾಸ್ತ್ರ ಸಮಿತಿ ಇದನ್ನು ತಿದ್ದಿದ್ದು ಯಾವಾಗ ಗೊತ್ತಾ? 2011ರಲ್ಲಿ! ಸಂಜ್ಞೆ ಭಾಷೆಯೂ ಭಾಷೆಯೇ, ತೋರಾ ಓದುವಾಗಿನ ಪ್ರಾರ್ಥನೆಯನ್ನು ಕೈಸನ್ನೆಯಲ್ಲೇ ಹೇಳಬಹುದು ಅಂತ ಆಗ ಒಪ್ಪಿದರು. ಕಿವುಡರ ಬುದ್ಧಿ ಅಂದು ಹೊಸದಾಗಿ ಬಂದದ್ದಲ್ಲ. ಅದನ್ನು ಕಾಣುವ ಕಣ್ಣು ಇವರಿಗೆ ತಡವಾಗಿ ಬಂತು, ಅಷ್ಟೇ.

"ಕುರುಡನ ದಾರಿಗೆ ಅಡ್ಡಿ ಇಡಬಾರದು ಅಂತ ಅದೇ ಯಾಜಕಕಾಂಡ ಹೇಳುತ್ತಲ್ಲ" ಅಂತೀರಾ? ಒಪ್ಪಿದೆ. ಹಾಗಾದರೆ ಸಿನಗಾಗ್‌ನಲ್ಲಿ ತೋರಾ ಓದುವ ಕಟ್ಟೆಗೆ ಹತ್ತುವ ಮೆಟ್ಟಿಲು ಗಾಲಿಕುರ್ಚಿಯವನಿಗೆ ಅಡ್ಡಿ ಅಲ್ಲವಾ? ಅಮೆರಿಕದ 1990ರ ಅಂಗವಿಕಲರ ಕಾಯ್ದೆ ಹೋಟೆಲ್ಲು, ಅಂಗಡಿ, ಥಿಯೇಟರುಗಳಿಗೆಲ್ಲ ಅನ್ವಯಿಸುತ್ತೆ. ಧಾರ್ಮಿಕ ಸಂಸ್ಥೆಗಳಿಗೆ ಮಾತ್ರ ವಿನಾಯಿತಿ! ಅಂದರೆ ಸಿನಿಮಾ ನೋಡೋದು ಹಕ್ಕು, ಪ್ರಾರ್ಥನೆ ಮಾಡೋದು ಮಂಡಳಿಯವರ ದಯೆ. ಅಲ್ಲಿನ ಚರ್ಚು, ಮಸೀದಿಗಳ ಕಥೆಯೂ ಇದೇ.

ಯೆಹೂದಿಗಳನ್ನು ಬಯ್ಯೋಕೆ ಇದನ್ನು ಬರೀತಿಲ್ಲ. ಈ ಪ್ರಶ್ನೆ ಕೇಳುತ್ತಿರೋರು ಅವರೊಳಗಿನ ಅಂಗವಿಕಲರೇ. ಉತ್ತರವೂ ಅವರ ಗ್ರಂಥದಲ್ಲೇ ಇದೆ. ನನಗೆ ಮಾತು ಸರಾಗವಾಗಿ ಬರಲ್ಲ ಅಂದ ಮೋಶೆಯನ್ನು ದೇವರು ಮನೆಗೆ ಕಳಿಸಲಿಲ್ಲ. ಅವನ ಪರವಾಗಿ ಮಾತಾಡೋಕೆ ಅಣ್ಣ ಆರೋನನನ್ನು ಜೊತೆಗೆ ಕೊಟ್ಟ. ನಾಯಕತ್ವ ಮೋಶೆಯದ್ದೇ ಆಗಿ ಉಳೀತು. ಅಂಥ ಆರೋನನ ವಂಶದಲ್ಲೇ ಕುಂಟನಿಗೆ ವೇದಿ ಇಲ್ಲ ಅಂದರೆ ಏನನ್ನಬೇಕು?

ಪೂಜಾರಿಕೆ ಹುಟ್ಟಿನಿಂದ ಬರಬಾರದು ಅಂತ ಬಾಬಾಸಾಹೇಬರು 1936ರಲ್ಲೇ ‘ಜಾತಿ ವಿನಾಶ’ದಲ್ಲಿ ಬರೆದರು. ಅದಕ್ಕೆ ಇನ್ನೊಂದು ಮಾತು ಸೇರಿಸೋಣ: ಮೈಕಟ್ಟಿನಿಂದಲೂ ಬರಬಾರದು. ರ‍್ಯಾಂಪ್ ಬಾಗಿಲಿಗೆ ನಿಂತರೆ ಸಾಲದು, ವೇದಿಕೆ ತನಕ ಹೋಗಬೇಕು. ಆಡಳಿತ ಮಂಡಳಿಯ ಕುರ್ಚಿ ತನಕ ಹೋಗಬೇಕು. ಅಲ್ಲೀತನಕ ‘ಎಲ್ಲರಿಗೂ ಸ್ವಾಗತ’ ಅನ್ನೋದು ಬರೀ ಬೋರ್ಡು.

ಜೈ ಭೀಮ್.