ಜೀವಾಮೃತ ಕಲಿಸಲು ಬಂದವರಿಗೆ

ಮಣ್ಣು ಸತ್ತಿದೆ, ಅದಕ್ಕೆ ಜೀವ ತುಂಬೋದನ್ನ ಸಣ್ಣ ರೈತರಿಗೆ ಕಲಿಸಬೇಕು ಅಂತ ಊರೂರಿಗೆ ಜೀಪು ಬರುತ್ತಿವೆ. ಬರಲಿ. ಮಣ್ಣು ಸತ್ತಿರೋದು ಸುಳ್ಳಲ್ಲ. ಆದರೆ ಗೆಳೆಯರೇ, ಸತ್ತ ಮಣ್ಣೇ ನಮ್ಮ ಪಾಲಿಗೆ ಯಾಕೆ ಬಂತು?

ದರಖಾಸ್ತಿನಲ್ಲಿ ನಮ್ಮ ಜನಕ್ಕೆ ಸಿಕ್ಕಿದ್ದು ಕೆರೆ ಕೆಳಗಿನ ಗದ್ದೆಯಲ್ಲ. ಯಾರೂ ಬೇಡ ಅಂದ ಕಲ್ಲುಬೋರೆ, ಗೋಮಾಳದ ಅಂಚು. 2015-16ರ ಕೃಷಿ ಗಣತಿಯಲ್ಲಿ ದೇಶದ ಸಾಗುವಳಿ ಭೂಮಿಯ ನೂರಕ್ಕೆ 9 ಪಾಲೂ ಪರಿಶಿಷ್ಟ ಜಾತಿಯವರ ಕೈಲಿರಲಿಲ್ಲ. ಇದ್ದದ್ದನ್ನೂ ಸಾಲಕ್ಕೆ, ಮದುವೆ ಖರ್ಚಿಗೆ ಬರೆಸಿಕೊಂಡರು. 1978ರ ಪಿಟಿಸಿಎಲ್ ಕಾಯ್ದೆ ಅದನ್ನು ಮರಳಿ ಕೊಡಿಸುತ್ತೇನೆ ಎಂದಿತು. 2017ರಲ್ಲಿ ಸುಪ್ರೀಂ ಕೋರ್ಟು, ತಡವಾಗಿ ಬಂದ ಅರ್ಜಿ ನಡೆಯದು ಎಂದಿತು. ಓದು ಬಾರದವನಿಗೆ ತಡವಾಗದೆ ಇನ್ನೇನಾಗುತ್ತೆ? 2023ರಲ್ಲಿ ಕಾಯ್ದೆ ತಿದ್ದಿ ಕಾಲಮಿತಿ ತೆಗೆದರು.

ಈಗ ತರಬೇತಿ. 200 ಲೀಟರ್ ನೀರು, 10 ಕೆಜಿ ನಾಟಿ ಹಸುವಿನ ಸಗಣಿ, ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ದ್ವಿದಳ ಧಾನ್ಯದ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು. ಖರ್ಚೇ ಇಲ್ಲ ಅಂತಾರೆ. ಹಸು ಯಾರದು ಸ್ವಾಮಿ? ಒಡೆಯರ ಕೊಟ್ಟಿಗೇಲಿ ಸಗಣಿ ಬಾಚಿದ್ದು ನಮ್ಮವ್ವಂದಿರು. ಗೊಬ್ಬರ ಹೋಗಿದ್ದು ಒಡೆಯರ ಹೊಲಕ್ಕೆ. ಸಗಣಿ ಮಣ್ಣಿಗೆ ಒಳ್ಳೇದು ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹೊಲವೇ ಇಲ್ಲದವರ ಪಾಡು ಇನ್ನೊಂದು. 1974ರ ತಿದ್ದುಪಡಿ ಗೇಣಿ ನಿಷೇಧಿಸಿತು. ಗೇಣಿ ಸಾಯಲಿಲ್ಲ, ಬಾಯಿಮಾತಿಗೆ ಇಳಿಯಿತು. ವಾರಕ್ಕೆ ಉಳೋನ ಹೆಸರು ಪಹಣಿಯಲ್ಲಿಲ್ಲ, ಆದ್ದರಿಂದ ಫಲಾನುಭವಿ ಪಟ್ಟಿಯಲ್ಲೂ ಇಲ್ಲ. ಬದು ಹಾಕಿ, ಹುರುಳಿ ಬಿತ್ತಿ, ಹೊಂಗೆ ಸೊಪ್ಪು ಹೊತ್ತು ಅವನು ಮಣ್ಣು ಮೆತ್ತಗೆ ಮಾಡೋ ಹೊತ್ತಿಗೆ, 'ಮುಂದಿನ ವರ್ಷ ಬಿಟ್ಟುಬಿಡಪ್ಪ' ಅಂತಾನೆ ಧಣಿ. ಮಣ್ಣು ಸುಧಾರಿಸಲು ವರ್ಷಗಳು ಬೇಕು. ಇವನ ಮಾತು ಒಂದು ಸುಗ್ಗಿಯದು. ಅವನು ಯಾಕೆ ಬದು ಹಾಕಬೇಕು?

ಇನ್ನು ಕಲಿಸೋರು ಯಾರು? ಹಳೇ ಮೈಸೂರಿನ ಕೆರೆಗಳಲ್ಲಿ ತೂಬು ಎತ್ತಿ ಗದ್ದೆ ಗದ್ದೆಗೆ ನೀರು ಹಂಚಿದವನು ನೀರಗಂಟಿ, ಬಹಳ ಕಡೆ ನಮ್ಮ ಕೇರಿಯವನೇ. 1961ರ ಕಾಯ್ದೆ ಹಳ್ಳಿಯ ವಂಶಪಾರಂಪರ್ಯ ಚಾಕರಿಗಳನ್ನು ರದ್ದುಮಾಡಿತು. ಚಾಕರಿ ಹೋಗಬೇಕಾದ್ದೇ, ಅದಕ್ಕೆ ಅಳುವವನು ನಾನಲ್ಲ. ಆದರೆ ಅವನ ನೀರಿನ ಲೆಕ್ಕವನ್ನೂ ಕಸದ ಜೊತೆ ಎಸೆದರು. ಈಗ ಅವನ ಮೊಮ್ಮಗನಿಗೇ ಜಲಾನಯನ ಪಾಠ!

ತರಬೇತಿ ನಡೀಲಿ. ದೇವಸ್ಥಾನದ ಜಗಲಿ ಮೇಲಲ್ಲ, ಕೇರಿಯೊಳಗೆ. ಕೂತ ದಿನಕ್ಕೆ ಕೂಲಿ ಕೊಡಲಿ. ಕಳೆ ಕೀಳುವ ಹೆಂಗಸಿನ ಹೆಸರು ಪಹಣಿಗೆ ಏರಲಿ. ಹಳ್ಳಿ ಮೇಷ್ಟ್ರುಗಳೇ, ನಿಮ್ಮೂರಲ್ಲಿ ಪರಭಾರೆಯಾದ ದರಖಾಸ್ತು ಜಮೀನೆಷ್ಟು, ಸರ್ವೆ ನಂಬರ್ ಯಾವುದು? ಪಟ್ಟಿ ಮಾಡಿ, ಅಸಿಸ್ಟೆಂಟ್ ಕಮಿಷನರಿಗೆ ಅರ್ಜಿ ಬರೆಯೋಕೆ ಈ ಭಾನುವಾರವೇ ಕೂತ್ಕೊಳ್ಳಿ.